ಸೊನ್ನೆಗೆ ನಿಲ್ಲದ ಸ್ಕ್ರೂಗೇಜು

ನೀಲಾ, ನೀನು ಮೋಸ ಮಾಡಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಾಗಿತ್ತು — ಗೊತ್ತಾದ ಮೇಲೂ ನಿನ್ನನ್ನು ಕಳ್ಳಿ ಮಾಡಿದೆ.

ಎಪ್ಪತ್ತರ ದಶಕದ ಕೊನೆ. ಮುಂಬಯಿ ಹತ್ತಿರದ ಡೊಂಬಿವಲಿಯ ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ನಾನು ಹೊಸ ಮೇಡಂ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನನ್ನದು ಮೊದಲಿನಿಂದಲೂ ಸಂಶಯದ ಬುದ್ಧಿ. ಹಾಲಿನವನ ಲೀಟರು ಲೀಟರಲ್ಲ, ಲೋಕಲ್ ರೈಲಿನಲ್ಲಿ ಪಕ್ಕ ಕೂತವಳ ಕಣ್ಣು ನನ್ನ ಪರ್ಸಿನ ಮೇಲೆಯೇ... ವಿದ್ಯಾರ್ಥಿಗಳನ್ನಂತೂ ನಂಬುತ್ತಲೇ ಇರಲಿಲ್ಲ. ಪುಸ್ತಕದ ಉತ್ತರ ಮೊದಲು ನೋಡಿ, ಅದಕ್ಕೆ ಹೊಂದುವ ಅಳತೆಗಳನ್ನು ಆಮೇಲೆ ಬರೆಯುವ ವಿದ್ಯೆ ನನಗೂ ಗೊತ್ತಿತ್ತು — ನಾನು ಪಾಸಾದದ್ದೇ ಹಾಗೆ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಿನಗೆ ಬಂದದ್ದು ಉಕ್ಕಿನ ಗುಂಡಿನ ಸಾಂದ್ರತೆ. ನೀನು ಸ್ಕ್ರೂಗೇಜಿನಿಂದ ಗುಂಡಿನ ವ್ಯಾಸವನ್ನು ಬೇರೆ ಬೇರೆ ಕಡೆ ಅಳೆದು, ಸರಾಸರಿ ತೆಗೆದು, ಎಷ್ಟು ಹೆಚ್ಚುಕಡಿಮೆ ಇರಬಹುದೆಂದೂ ಬರೆದಿದ್ದೆ. ಆದರೆ ಪ್ರತಿ ಅಳತೆಯಿಂದಲೂ 0.04 ಮಿಲಿಮೀಟರ್ ಕಳೆದಿದ್ದೆ. ಉತ್ತರ ಪುಸ್ತಕದ್ದಕ್ಕೆ ಸರಿಯಾಗಿ ಹೊಂದಿತ್ತು. ನನಗೆ ಅಷ್ಟು ಸಾಕಾಯಿತು.

"ಈ ಕಳೆಯುವ ಲೆಕ್ಕ ಎಲ್ಲಿಂದ ಬಂತು? ಉತ್ತರ ನೋಡಿಕೊಂಡು ಕೂರಿಸಿದ್ದಲ್ವಾ?"

"ಇಲ್ರೀ ಮೇಡಂ. ಸ್ಕ್ರೂಗೇಜ ಪೂರಾ ಮುಚ್ಚಿದ್ರೂ ಝೀರೋಕ್ಕ ನಿಂದ್ರವಲ್ದು. ನೀವ ನೋಡ್ರಿ."

ನೋಡಲಿಲ್ಲ. ಎಲ್ಲರೆದುರು ನಿನ್ನ ಪೇಪರಿನ ಮೇಲೆ ಕೆಂಪು ಗೆರೆ ಎಳೆದೆ. ನೀವೆಲ್ಲ ಹೋದ ಮೇಲೆ ನೋಡಿದೆ — ನಿನ್ನ ಸುಳ್ಳನ್ನು ಖಾತ್ರಿ ಮಾಡಿಕೊಳ್ಳಲೆಂದೇ. ಬಾಯಲ್ಲಿ ಏನೂ ಇಡದೆ ಪೂರ್ತಿ ಮುಚ್ಚಿದರೂ ಸ್ಕ್ರೂಗೇಜು 0.04 ತೋರಿಸುತ್ತಿತ್ತು. ಮತ್ತೆ ಬಿಚ್ಚಿದೆ, ಮತ್ತೆ ಮುಚ್ಚಿದೆ, ಅದೇ 0.04. ಪರೀಕ್ಷೆಗೆ ಮುಂಚೆ ಅದನ್ನು ಸರಿನೋಡಬೇಕಾದವಳು ನಾನು, ನೋಡಿರಲಿಲ್ಲ. ಪ್ರಿನ್ಸಿಪಾಲರಿಗೆ ತಿಳಿದರೆ... ಅದನ್ನು ಬೀರುವಿನ ಮೂಲೆಗೆ ತಳ್ಳಿ ಬೀಗ ಹಾಕಿದೆ.

ಮರುದಿನ ನಿಮ್ಮಪ್ಪ ಬಂದರು. ಬಿಜಾಪುರದ ಕಡೆಯವರು, ಕೆಮಿಕಲ್ ಕಾರ್ಖಾನೆಯ ಪಾಳಿ ಮುಗಿಸಿ ನೇರ ಬಂದಿದ್ದರು. ನಾನು ಕನ್ನಡದವಳೆಂದು ನಿನ್ನಿಂದ ತಿಳಿದಿತ್ತು. ಮನೆಯಲ್ಲಿ ನಿನ್ನ ಮದುವೆಯ ಮಾತು ನಡೆದಿತ್ತಂತೆ. ನೀನು ಹಟ ಮಾಡಿ ಕಾಲೇಜಿಗೆ ಬರುತ್ತಿದ್ದೆಯಂತೆ.

"ಬಾಯಾರ, ಆಕಿ ಮಾಡಿಲ್ಲಂತಾಳ್ರೀ. ನೀವು ನಮ್ಮೋರು, ನೀವು ಹೇಳಿದ್ದ ಖರೆ. ಮೋಸ ಮಾಡಿದ್ದ ಆದ್ರ ನಾಳಿಂದ ಸಾಲಿ ಬಿಡಸ್ತೀನಿ."

ಬೀರು ನನ್ನ ಬೆನ್ನ ಹಿಂದೆಯೇ ಇತ್ತು. ಕೀಲಿ ನನ್ನ ಕೈಯಲ್ಲೇ ಇತ್ತು —

"ಮಾಡಿದ್ದಾಳೆ," ಎಂದೆ.

ಅವರು ನನಗೆ ಕೈಮುಗಿದು ಹೋದರು. ನೀನು ಮತ್ತೆ ಕಾಲೇಜಿಗೆ ಬರಲಿಲ್ಲ. ನಿನ್ನ ಮನೆ ಸ್ಟೇಷನ್ನಿನ ಆಚೆ ಬದಿಗಿತ್ತು, ನಡೆದೇ ಹೋಗಬಹುದಿತ್ತು — ನಾನು ಹೋಗಲಿಲ್ಲ.

ನಿನ್ನ ಕ್ಷಮೆ ಕೇಳುತ್ತಿಲ್ಲ, ನೀಲಾ. ನಿಮ್ಮಪ್ಪ ಇನ್ನೂ ಇದ್ದರೆ ಮೊದಲು ಅವರಿಗೆ ಇದನ್ನು ಓದಿ ಹೇಳು. ಅವರು ಅವತ್ತು ನಂಬಬೇಕಾಗಿದ್ದದ್ದು ಮಗಳನ್ನು.