ಕೆಂಪು ಗ್ರಹದಲ್ಲಿ ಬಿಟ್ಟುಬಂದ ಅಡುಗೆಯವಳು

ನೆಲ್ಲು ನಾಟಿಯ ದಿನಗಳಲ್ಲಿ ಚಿಗವ್ವನ ಕಾಲ್ಬೆರಳ ಸಂದುಗಳು ಕೆಸರಿಗೆ ಸುಲಿದು ಬೆಳ್ಳಗಾಗಿರುತ್ತಿದ್ದವು. ಬುತ್ತಿ ಉಂಡು ಕೈ ತೊಳೆದ ಮೇಲೆ ಬದುವಿನ ಮೇಲೆ ಕಾಲು ಚಾಚಿ, ಆ ಸಂದುಗಳಿಗೆ ಅರಿಷಿಣ ಕಲಸಿದ ಎಣ್ಣೆ ಹಚ್ಚುತ್ತ, "ಎಲ್ಲಿಗಿ ಬಂದಿತ್ತಲೇ ಕತಿ? ಓದು" ಅನ್ನುತ್ತಿದ್ದಳು. ಪುಸ್ತಕವನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಕೈ ಹಸಿ ಐತಿ, ಹಾಳಿ ಕೆಡ್ತಾವ" ಎಂಬುದು ನೆಪ. ತನಗೆ ಓದು ಬಾರದು ಎಂದು ಆಕೆ ಎಂದೂ ಒಪ್ಪಿಕೊಂಡವಳಲ್ಲ.

ಆಕೆ ನಮ್ಮವ್ವನ ತಂಗಿ. ವಳಕಮದಿನ್ನಿಯಲ್ಲಿ ಹದಿನೈದಿಪ್ಪತ್ತು ಹೆಂಗಸರ ನಾಟಿ ಗುಂಪಿಗೆ ಮುಂದಾಳು. ಸಿಂಧನೂರಿನ ಗಿರಣಿ ಸಾಹುಕಾರರ ಎದುರಿಗೂ ದನಿ ತಗ್ಗಿಸಿದವಳಲ್ಲ. ಭಾನುವಾರ ಬಂದರೆ ನಾನೂ ಗುಂಪಿನ ಜೊತೆ ಹೋಗುತ್ತಿದ್ದೆ. ಹೆಸರಿಗೆ ಸಸಿಯ ಕಟ್ಟು ಎಸೆಯುವ ಕೆಲಸ, ನಿಜವಾದ ಕೆಲಸ ಓದುವುದು.

ಪುಸ್ತಕ ನಮ್ಮ ಶಾಲೆಯ ಬೀರುವಿನದು. ನಾಲ್ವರು ಧೀರರು ರಾಕೆಟ್ ಏರಿ ಕೆಂಪು ಗ್ರಹಕ್ಕೆ ಹೋಗಿಬರುವ ಸಾಹಸದ ಕಾದಂಬರಿ. ಸುಳ್ಳೇಕೆ ಹೇಳಲಿ, ರಾಕೆಟ್ ನೆಲ ಬಿಡುವ ಪುಟ ಓದಿದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಆ ಧೀರರ ಜೊತೆ ಒಬ್ಬ ಅಡುಗೆಯವಳೂ ಹೋಗಿರುತ್ತಾಳೆ. ವಾಪಸು ಹೊರಡುವಾಗ ಭಾರ ಹೆಚ್ಚಾಯಿತೆಂದು ಆಕೆಯನ್ನು ಅಲ್ಲೇ ಇಳಿಸಿಬಿಡುತ್ತಾರೆ. ಲೇಖಕರು ಅದಕ್ಕೆ ಕೊಟ್ಟದ್ದು ಎರಡೇ ಸಾಲು. ಮುಂದಿನ ಪುಟದಲ್ಲಿ ಭೂಮಿ, ಬ್ಯಾಂಡು, ಹೂವಿನ ಹಾರ.

ನಾನು ಓದಿ ಮುಗಿಸಿದಾಗ ಚಿಗವ್ವ ಕಾಲು ಮಡಚಿ ನೆಟ್ಟಗೆ ಕೂತಳು.

"ಆಕಿ ಏನಾದ್ಲು?"

"ಬರ್ದಿಲ್ಲ ಚಿಗವ್ವ."

"ಅಷ್ಟು ದಿನ ಬೇಸಿ ಹಾಕಿದಾಕಿನ್ನ ಬಿಟ್ಟು ಬಂದ್ರ? ನಾಕು ಮಂದಿ ಗಂಡಸ್ರು ಭಾರ ಇದ್ದಿಲ್ಲೇನು?"

ಮುಂದಿನ ಭಾನುವಾರ ಜವಳಗೇರಾದ ಒಂದು ಹೊಲದಲ್ಲಿ, ಬಗ್ಗಿ ಹಿಂದಕ್ಕೆ ಸರಿಯುತ್ತ ಸಸಿ ನೆಡುವಾಗ, ಆಕೆ ಗುಂಪಿಗೆ ಆ ಕಥೆ ಹೇಳತೊಡಗಿದಳು. ಗದ್ದೆಯ ಮಡಿ ನೆಟ್ಟು ಮುಗಿಯುವ ಮೊದಲೇ ಕಥೆ ಮುಗಿಯುವಂತಿದ್ದರೆ ರಾಕೆಟ್ಟನ್ನು ಇನ್ನೊಂದು ಸುತ್ತು ತಿರುಗಿಸುತ್ತಿದ್ದಳು. ಆಕೆಯ ಅಡುಗೆಯವಳು ಸಾಯಲಿಲ್ಲ, ಅಳುತ್ತಲೂ ಕೂರಲಿಲ್ಲ. ಗುದ್ದಲಿ ಹಿಡಿದು ಕೆಂಪು ಗ್ರಹದಲ್ಲಿ ಕಾಲುವೆ ತೋಡಿದಳು, ನೆಲ್ಲು ಹಚ್ಚಿದಳು.

"ಆಕಿ ಕಾಲುವ್ಯಾಗ ಕೊನಿ ಹೊಲಕ್ಕ ಮೊದಲ ನೀರು" ಎಂದಳು ಚಿಗವ್ವ.

ಕಾಲುವೆಯ ಕೊನೆಗೆ ಹೊಲವಿದ್ದು, ನೀರು ಬಾರದೆ ಕೂಲಿಗೆ ಬಂದಿದ್ದ ಹೆಂಗಸರು ಕೆಸರಲ್ಲೇ ಸೊಂಟ ಹಿಡಿದು ನಕ್ಕರು. "ಯಾವ ಊರಬೇ ಅದು? ನಾಳೇನ ಹೋಗಾಣ ನಡಿ" ಎಂದಳೊಬ್ಬಳು.

ನನಗೆ ಸಿಟ್ಟು ಬಂತು. "ಪುಸ್ತಕದಾಗ ಹಂಗಿಲ್ಲ" ಅಂದೆ.

"ಇಲ್ಲಂದ್ರ ತಪ್ಪು ಪುಸ್ತಕದ್ದು. ನೀ ಸಸಿ ಒಗಿ."

ಅದೇ ಸಂಜೆ ಗುಂಪಿನ ಒಬ್ಬ ಮುದುಕಿಯ ಕಾಲು ಉಳುಕಿತು. ನಾವೆಲ್ಲ ಟ್ರ್ಯಾಕ್ಟರ್ ಹತ್ತಿದ್ದೆವು, ಆಕೆ ದೂರದ ಬದುವಿನ ಮೇಲೆ ಕುಂಟುತ್ತ ಬರುತ್ತಿದ್ದಳು. ಟ್ರ್ಯಾಕ್ಟರಿನವನಿಗೆ ಇನ್ನೊಂದು ಗುಂಪನ್ನು ಊರು ಮುಟ್ಟಿಸುವ ಅವಸರ. "ಆಕಿ ಹಿಂದಿಂದ ಬಸ್ಸಿಗಿ ಬರ್ತಾಳ" ಎಂದು ಗೇರು ಹಾಕಿದ. ಚಿಗವ್ವ ಟ್ರೇಲರಿನಿಂದ ಧುಮುಕಿ ಎಂಜಿನ್ನಿನ ಎದುರು ಹೋಗಿ ನಿಂತಳು.

"ಭಾರ ಆತೇನೋ ತಮ್ಮಾ? ಹಂಗಾರ ನೀ ಇಳಿ."

ಹೆಂಗಸರಿಗೆಲ್ಲ ಬೆಳಗಿನ ಕಥೆ ಗೊತ್ತಿತ್ತಲ್ಲ, ಒಬ್ಬೊಬ್ಬರಾಗಿ ಇಳಿದರು. ಮುದುಕಿ ಬಂದು ಹತ್ತುವವರೆಗೆ ಯಾರೂ ಹತ್ತಲಿಲ್ಲ. ಪುಸ್ತಕದ ಕಥೆ ಬದಲಿಸಿದಳೆಂದು ಆಕೆಯ ಮೇಲಿದ್ದ ನನ್ನ ಸಿಟ್ಟು ಅಂದೇ ಇಳಿಯಿತು.

ಚಿಗವ್ವ ಹೋದ ವರ್ಷ ತೀರಿಕೊಂಡಳು. ಈ ವರ್ಷ ಆ ಕಾದಂಬರಿ ಮರುಮುದ್ರಣವಾಯಿತು. ಮಸ್ಕಿಯಲ್ಲಿ ಶಿಕ್ಷಕಿಯಾಗಿರುವ ನನ್ನನ್ನು ಅದರ ಬಗ್ಗೆ ಮಾತಾಡಲೆಂದು ಲಿಂಗಸುಗೂರಿನ ಕೆಲವು ಓದುಗರು ಕರೆದರು. ಹಳೆಯ ಮುಖಪುಟ ನೋಡಿ ಅಲ್ಲಿದ್ದವರಿಗೆಲ್ಲ ಬಾಲ್ಯ ನೆನಪಾಗಿ ಕಣ್ಣು ತುಂಬಿದ್ದವು. ನನ್ನವೂ ತುಂಬಿದ್ದವು, ಇಲ್ಲವೆನ್ನುವುದಿಲ್ಲ. ಇಷ್ಟಪಟ್ಟ ಪುಸ್ತಕದ ಮೇಲೆ ಜಗಳ ತೆಗೆಯುವುದು ಸುಲಭವಲ್ಲ. ಆದರೂ ಆ ಎರಡು ಸಾಲನ್ನು ಜೋರಾಗಿ ಓದಿ, ಇದನ್ನು ನಾನು ಒಪ್ಪುವುದಿಲ್ಲ ಎಂದೆ.

ಹಿರಿಯರೊಬ್ಬರು ನಕ್ಕು ಸಮಾಧಾನ ಹೇಳಿದರು. "ಆಗಿನ ಕಾಲದ್ದರೀ ಮೇಡಂ. ಆಗಿನ ಮಂದಿಗಿ ಇಷ್ಟೆಲ್ಲ ಹೊಳೀತಿದ್ದಿಲ್ಲ."

"ಆಗಿನ ಕಾಲದಾಗ ನಮ್ಮ ಚಿಗವ್ವನೂ ಇದ್ಳರೀ" ಎಂದೆ.