ಪಂಚಮಿಗೆ ಮುಂಚಿನ ದಾನಪತ್ರ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಉಪನೋಂದಣಿ ಕಚೇರಿಯ ಗೋಡೆ ಗಡಿಯಾರ ನೋಡಿದ್ದು ನೆನಪಿದೆ, ಊಟದ ವೇಳೆಗೆ ಮುಂಚೆ ನಮ್ಮ ಕೆಲಸ ಮುಗಿಯಬೇಕಿತ್ತು. ಅಪ್ಪನ ಹೆಬ್ಬೆರಳನ್ನು ಹಿಡಿದು ಯಂತ್ರದ ಗಾಜಿನ ಮೇಲೆ ಒತ್ತುತ್ತಿದ್ದೆ. ಬನಹಟ್ಟಿಯ ಮಗ್ಗದಲ್ಲಿ ಐವತ್ತು ವರ್ಷ ನೂಲು ತಿಕ್ಕಿದ ಬೆರಳು, ಗೆರೆಗಳೇ ಉಳಿದಿರಲಿಲ್ಲ. ಮೂರು ಸಲ ಗುರುತು ಮೂಡಲಿಲ್ಲ. ನಾಲ್ಕನೆಯ ಸಲ ಕರವಸ್ತ್ರದಿಂದ ಒರೆಸಿ ಇನ್ನೂ ಜೋರಾಗಿ ಒತ್ತಿದೆ.

"ರೀ, ಬೆರಳ ಬಿಡ್ರಿ. ಅಜ್ಜಾರ ಮಾರಿ ನೋಡ್ರಿ ಮೊದಲ," ಎಂದಳು ಕಂಪ್ಯೂಟರಿನ ಮುಂದಿದ್ದ ಹೆಣ್ಣುಮಗಳು.

ನೋಡಿದೆ. ಅಪ್ಪನ ಮುಖದ ತುಂಬ ಬೆವರು. ಕಣ್ಣು ತೆರೆದೇ ಇದ್ದವು, ನನ್ನನ್ನು ಗುರುತಿಸುತ್ತಿರಲಿಲ್ಲ.

ಅವನು ಹಸಿದಿದ್ದ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಬೆಳಿಗ್ಗೆ ನಾನೇ ನುಂಗಿಸಿದ್ದೆ. ಅವ್ವ ಉಪ್ಪಿಟ್ಟಿನ ತಾಟು ಹಿಡಿದು ಬಂದಾಗ, "ಈಗೇನೂ ಕೊಡಬ್ಯಾಡ, ನೀರೂ ಬ್ಯಾಡ. ಅಲ್ಲಿ ಒಂದಕ್ಕ ಅಂದ್ರ ಕರಕೊಂಡ ಹೋಗಿ ಬರೂದ್ರಾಗ ಪಾಳಿ ಹೋಗತೈತಿ" ಎಂದಿದ್ದೆ. ಹಿಂದಿನ ವರ್ಷ ಲಕ್ವಾ ಹೊಡೆದಾಗಿನಿಂದ ಅಪ್ಪ ಒಂದು ಕಾಲು ಎಳೆದೇ ನಡೆಯುತ್ತಿದ್ದ. ಅವ್ವ ತಾಟನ್ನು ಒಳಗೊಯ್ದಳು. ಬಿ.ಕಾಂ. ಓದಿದ ಮಗನಿಗೆ ಆಕೆ ಎದುರು ಮಾತಾಡುವುದಿಲ್ಲ.

ಆ ಅವಸರಕ್ಕೆ ಕಾರಣ ಮುಧೋಳಕ್ಕೆ ಕೊಟ್ಟ ನನ್ನ ತಂಗಿ. ಮುಂದಿನ ವಾರ ಪಂಚಮಿಗೆ ತವರಿಗೆ ಬರುವವಳಿದ್ದಳು. ಅಷ್ಟರೊಳಗೆ, ಅಪ್ಪ ತಾನೇ ದುಡಿದು ಕಟ್ಟಿಸಿದ ಮನೆ ನನ್ನ ಹೆಸರಿಗಾಗಬೇಕಿತ್ತು. ಪತ್ರ ಬರೆಯುವವರು ಮೊದಲೇ ಹೇಳಿದ್ದರು: "ಹಿರ್ಯಾರನ್ನ ಯಾಕ ಎಳದಾಡ್ತೀರಿ? ಮೃತ್ಯುಪತ್ರ ಮನ್ಯಾಗ ಬರದ್ರೂ ನಡೀತೈತಿ, ಇಬ್ಬರು ಸಾಕ್ಷಿ ಸಾಕು. ನೋಂದಣಿನ ಬೇಕಂದ್ರ ಅರ್ಜಿ ಕೊಡ್ರಿ, ಸಾಹೇಬ್ರ ಮನಿಗೇ ಬರ್ತಾರ." ಅರ್ಜಿ ಕೊಟ್ಟು ಕಾಯುವ ತಾಳ್ಮೆ ನನಗಿರಲಿಲ್ಲ. ಮೃತ್ಯುಪತ್ರವನ್ನು ಅಪ್ಪ ನಾಳೆ ಮಗಳ ಮುಖ ನೋಡಿ ಬದಲಿಸಬಹುದು. ದಾನಪತ್ರವನ್ನು ಹಾಗೆ ಸುಲಭವಾಗಿ ಹಿಂತೆಗೆಯಲು ಬರುವುದಿಲ್ಲ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಿರಲಿಲ್ಲ. "ಮನಿ ಕಾಗದಾ ಸುದ್ದ ಮಾಡೂದೈತಿ" ಎಂದಷ್ಟೇ ಹೇಳಿ ಕಾರು ಹತ್ತಿಸಿದ್ದೆ.

ಪಾಳಿಯಲ್ಲಿದ್ದ ಯಾರೋ ಚಹಾದಂಗಡಿಯಿಂದ ಸಕ್ಕರೆ ತಂದು ಅವನ ತುಟಿಯೊಳಗೆ ತಿಕ್ಕಿದರು. ಜಮಖಂಡಿಯ ದವಾಖಾನೆಯಲ್ಲಿ ಗ್ಲುಕೋಸ್ ಸಲಾಯಿನ್ ಹಚ್ಚಿದ ಮೇಲೆ ಕಣ್ಣು ತಿಳಿಯಾದವು. "ಗುಳಗಿ ಕೊಟ್ಟೀರಿ, ನಾಷ್ಟಾ ಯಾಕ ಕೊಟ್ಟಿಲ್ಲ?" ಎಂದರು ಡಾಕ್ಟರು. "ಇನ್ನ ಸ್ವಲ್ಪ ಹೊತ್ತಾಗಿದ್ರ ನಮ್ಮ ಕೈಯಾಗ ಇರತಿರಲಿಲ್ಲ."

"ಕೊಟ್ಟಿದ್ವಿರಿ. ಅವರ ಒಲ್ಲೆ ಅಂದ್ರು," ಎಂದೆ.

ಅಪ್ಪ ನನ್ನನ್ನೇ ನೋಡುತ್ತಿದ್ದ.

ಆಮೇಲೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅವ್ವ ತಾಸಿಗೊಮ್ಮೆ ಎದ್ದು ಅಪ್ಪನ ಹಣೆ ಮುಟ್ಟುವಳು. ನಾನು ಕಣ್ಣು ಮುಚ್ಚಿದರೆ ಆ ಗಾಜು, ಅದರ ಮೇಲೆ ನನ್ನ ಕೈ. ಇನ್ನೊಂದು ಸಲ ಒತ್ತಿದ್ದರೆ ಗುರುತು ಮೂಡುತ್ತಿತ್ತೇನೋ ಎಂಬ ಯೋಚನೆಯೂ ಬಂದದ್ದುಂಟು. ಇದೊಂದನ್ನು ಬರೆಯಬಾರದೆಂದುಕೊಂಡಿದ್ದೆ.

ಪಂಚಮಿಗೆ ತಂಗಿ ಬಂದಳು, ಡಾಕ್ಟರ ಮುಂದೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಶೇಂಗಾ ಉಂಡಿ ಕಟ್ಟುತ್ತ ಅವ್ವನನ್ನು ಕೇಳಿದಳು, "ಅಪ್ಪ ಒಲ್ಲೆ ಅಂದ್ರ ನೀ ಸುಮ್ಮನ ಕಳಿಸಿದೇನ ಬೇ? ಉಪ್ಪಿಟ್ಟಂದ್ರ ಎರಡ ಸಲ ಹಾಕಿಸ್ಕೋತಾನ." ಅವ್ವ ತಲೆ ತಗ್ಗಿಸಿದಳು. ನನ್ನ ತಪ್ಪು ಅವಳ ಮೇಲೆ ಬರುವುದನ್ನು ಅಲ್ಲೇ ಕೂತು ನೋಡಿದೆ. ಆಮೇಲೆ ಹೇಳಿದೆ, ದಾನಪತ್ರವನ್ನೂ ಡಾಕ್ಟರ ಮುಂದಿನ ಸುಳ್ಳನ್ನೂ ಸೇರಿಸಿ.

ತಂಗಿಯ ಕೈ ನಿಲ್ಲಲಿಲ್ಲ. "ಮನಿ ಬೇಕಂತ ಒಂದ ಫೋನ್ ಮಾಡಬೇಕಿತ್ತು ಅಣ್ಣಾ. ಹೂಂ ಅಂತಿದ್ದೆನೋ, ಜಗಳಾ ತಗೀತಿದ್ದೆನೋ. ಜಗಳಾಡಿದ್ರ ಯಾರೂ ಸಾಯತಿರಲಿಲ್ಲ."

"ನಾ ಒಲ್ಲೆ ಅಂದಿದ್ದಿಲ್ಲಲೇ," ಎಂದ ಅಪ್ಪ ಹಾಸಿಗೆಯಿಂದ. ಗೋಡೆ ಹಿಡಿದು ಎದ್ದು ಕೂತು, "ನಾಳೆ ವಕೀಲರನ್ನ ಮನಿಗೆ ಕರಿ. ನೀವಿಬ್ಬರೂ ಹೊರಗ ಕುಂಡ್ರರಿ" ಎಂದ.

ಮರುದಿನ ನಾನೂ ತಂಗಿಯೂ ಕಟ್ಟೆಯ ಮೇಲೆ ಕೂತೆವು. ಒಳಗೆ ವಕೀಲರು ಬರೆದುಕೊಂಡರು, ನೆರೆಮನೆಯ ಇಬ್ಬರು ಸಾಕ್ಷಿ ಹಾಕಿದರು. ಅವ್ವ ಇರುವತನಕ ಮನೆ ಅವಳದು, ಆಮೇಲೆ ನಮ್ಮಿಬ್ಬರಿಗೂ ಸಮ. ಕರೆದು ಓದಿಸಿದ ಅಪ್ಪ, "ಬದಲ ಮಾಡೂದಿದ್ರ ನಾನ ಮಾಡಾಂವ" ಎಂದು ನನ್ನ ಕಡೆ ನೋಡಿದ.

ಆ ರಾತ್ರಿ ಅವ್ವ ಏಳಲಿಲ್ಲ, ನಾನೂ ಏಳಲಿಲ್ಲ. ಎಚ್ಚರಾದಾಗ ಬಿಸಿಲು ಹೊಸ್ತಿಲು ದಾಟಿತ್ತು. ತಂಗಿ ಮುಧೋಳದ ಬಸ್ಸಿಗೆ ಹೋಗಿಯಾಗಿತ್ತು, ನನ್ನನ್ನು ಎಬ್ಬಿಸದೆ.