ದೊಡ್ಡವ್ವ ಮಾಡಿದ ಮಣ್ಣೆತ್ತುಗಳು

ಒದ್ದೆ ಮಣ್ಣಿನ ವಾಸನೆ ಬಂದರೆ ಸಾಕು, ನನಗೆ ಗದಗಿನ ನಮ್ಮ ಮನೆಯ ಹಿತ್ತಲು ಕಾಣುತ್ತದೆ. ಕಳೆದ ಬೇಸಿಗೆಯಲ್ಲಿ ಮಗಳು ಸಿರಿಯ ಹಟಕ್ಕೆ, ಇಲ್ಲಿ ಪರದೇಶದ ಈ ಕೊಲಂಬಿಯಾ ಊರಿನಲ್ಲಿ ಅವಳ ಜೊತೆ ಪಾಟರಿ ಕ್ಲಾಸಿಗೆ ಸೇರಿದೆ. ಮೊದಲ ದಿನ ಟೀಚರ್ ಬೂದುಬಣ್ಣದ ಮಣ್ಣಿನ ಮುದ್ದೆಯನ್ನು ಮುಂದಿಟ್ಟು, ಎಲ್ಲರೂ ಒಂದೊಂದು ಬಟ್ಟಲು ಮಾಡಿ ಎಂದರು. ವಾರವೆಲ್ಲ ಆಸ್ಪತ್ರೆಯ ಗ್ಲೌಸಿನೊಳಗೇ ಇದ್ದ ನನ್ನ ಬೆರಳುಗಳು ಆ ತಂಪಿನೊಳಗೆ ಇಳಿದವು. ಸ್ವಲ್ಪ ಹೊತ್ತಿಗೆ ಸಿರಿ ಇಣುಕಿ, "ಅಮ್ಮಾ, ಅದು ಬೌಲ್ ಅಲ್ಲ. ಇಟ್ಸ್ ಅ ಕೌ!" ಎಂದಳು. ನೋಡಿದರೆ ನಾಲ್ಕು ಗಿಡ್ಡ ಕಾಲು, ಬೆನ್ನ ಮೇಲೆ ಎತ್ತರದ ಡುಬ್ಬ. "ಆಕಳಲ್ಲ ಪುಟ್ಟಾ, ಎತ್ತು," ಎಂದೆ. ಹೇಳುವಷ್ಟರಲ್ಲಿ ಕಣ್ಣು ತುಂಬಿಬಂದಿತ್ತು.

ಆ ಎತ್ತು ದೊಡ್ಡವ್ವನದು. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ, ಓಣಿಯ ಮಕ್ಕಳೆಲ್ಲ ಅವಳ ಸೆರಗು ಹಿಡಿದೇ ತಿರುಗುತ್ತಿದ್ದೆವು. ಪ್ರತಿವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಅವಳು ಎರೆಮಣ್ಣು ತಂದು, ನೀರು ಚಿಮುಕಿಸಿ ನಾದಿ, ಒಬ್ಬೊಬ್ಬರಿಗೂ ಒಂದೊಂದು ಜೋಡಿ ಎತ್ತು ಮಾಡಿಕೊಡುತ್ತಿದ್ದಳು. ಕಣ್ಣಿಗೆ ಜೋಳದ ಕಾಳು ಒತ್ತುತ್ತಿದ್ದಳು. ನನಗೆ ಏಳು ವರ್ಷವಿದ್ದಾಗ ದೊಡ್ಡಪ್ಪ ಎದೆನೋವು ಬಂದು ತೀರಿಕೊಂಡರು. ಇಪ್ಪತ್ತು ದಿನಕ್ಕೇ ಅಮಾವಾಸ್ಯೆ. ಮಗನನ್ನು ಕಳೆದುಕೊಂಡ ಅಜ್ಜಿ ಪಡಸಾಲೆಯ ಕಂಬಕ್ಕೊರಗಿ ಕೂತವಳು ಏಳುತ್ತಿರಲಿಲ್ಲ. ದೊಡ್ಡವ್ವ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈ ಸಲ ಎತ್ತಿಲ್ಲವೆಂದು ನಾನು ಅತ್ತು ರಂಪ ಮಾಡಿ ಅವ್ವನಿಂದ ಏಟು ತಿಂದೆ. ಅದನ್ನು ಕಂಡ ದೊಡ್ಡವ್ವ ಬುಟ್ಟಿ ತೆಗೆದುಕೊಂಡು ಹೊರಗೆ ಹೋದಳು. ಮಣ್ಣು ಹೊತ್ತು ಬಂದಾಗ ಅಜ್ಜಿ ಕೂತಲ್ಲಿಂದಲೇ ತಡೆದಳು.

"ಮನ್ಯಾಗಿಂದ ಹೆಣ ಹೋಗಿ ಇನ್ನಾ ತಿಂಗಳಾಗಿಲ್ಲ. ಈ ವರ್ಷ ನಮಗ ಹಬ್ಬ ಇಲ್ಲ."

"ನಮಗ ಇಲ್ರಿ ಅತ್ತಿ. ಹುಡುಗೂರಿಗೂ ಇಲ್ಲೇನ್ರಿ?"

ಅಷ್ಟೇ ಹೇಳಿ ಅವಳು ಹಿತ್ತಲಿಗೆ ನಡೆದಳು. ನಾನು ಹೆದರಿಕೊಂಡು ಪಕ್ಕದಲ್ಲಿ ಕೂತೆ. ಮೊದಲ ಎತ್ತು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಅಜ್ಜಿ ಬಂದು ನಿಂತಿದ್ದಳು. ಬೈಯುತ್ತಾಳೆಂದುಕೊಂಡೆ. ಅಜ್ಜಿ ಮೆಲ್ಲಗೆ ಸೊಸೆಯ ಎದುರು ಕೂತು, ಒಂದು ಹಿಡಿ ಮಣ್ಣು ಎಳೆದುಕೊಂಡು ಎತ್ತಿಗೆ ಮೇವಿನ ಗೋದಲಿ ಮಾಡತೊಡಗಿದಳು. ಗೋದಲಿ ಅವಳ ಕೈಯಲ್ಲೇ ಒಡೆಯಿತು. ದೊಡ್ಡವ್ವ ಆ ಕೈಯನ್ನು ಹಿಡಿದುಕೊಂಡಳು. ಅತ್ತೆ, ಸೊಸೆ ಇಬ್ಬರೂ ಬಿಕ್ಕಿಬಿಕ್ಕಿ ಅತ್ತರು. ದೊಡ್ಡವರು ಹಾಗೆ ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ದೊಡ್ಡವ್ವ ಮೂಗು ಒರೆಸಿಕೊಂಡು, "ಕೋಡು ನೀ ಮಾಡಬೇ," ಎಂದು ನನ್ನತ್ತ ಮಣ್ಣು ತಳ್ಳಿದಳು. ಸಂಜೆಗೆ ಓಣಿಯ ಎಲ್ಲ ಮಕ್ಕಳ ಕೈಯಲ್ಲೂ ಎತ್ತುಗಳಿದ್ದವು.

ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದಳು. ದೊಡ್ಡವ್ವ ತೀರಿಕೊಂಡದ್ದು ಕೋವಿಡ್ಡಿನ ಎರಡನೇ ವರ್ಷ. ನಾನಿಲ್ಲಿ ವಾರ್ಡು ಬಿಟ್ಟು ಅಲ್ಲಾಡುವಂತಿರಲಿಲ್ಲ. ಫೋನಿನಲ್ಲಿ ಸುದ್ದಿ ಕೇಳಿ ಮತ್ತೆ ಮಾಸ್ಕ್ ಏರಿಸಿಕೊಂಡು ಒಳಗೆ ಹೋಗಿದ್ದೆ. ಅವತ್ತು ಬಾರದ ಅಳು ಆ ಕ್ಲಾಸಿನಲ್ಲಿ, ಅಪರಿಚಿತರ ನಡುವೆ ಬಂತು. ನನಗೆ ನಾಚಿಕೆಯಾಗಲಿಲ್ಲ. ಟೀಚರ್ ಟಿಶ್ಯೂ ಕೊಟ್ಟು, ಎತ್ತನ್ನು ಭಟ್ಟಿಯಲ್ಲಿ ಸುಡಲು ಇಡಲೇ ಎಂದು ಕೇಳಿದರು. ಬೇಡ ಎಂದೆ.

ಮಣ್ಣೆತ್ತನ್ನು ಸುಡುವುದಿಲ್ಲ, ಹಬ್ಬ ಮುಗಿದ ಮೇಲೆ ಮಾಳಿಗೆಯ ಮೇಲಿಟ್ಟು ಮಳೆಗೆ ಬಿಡುವುದು ನಮ್ಮ ಮನೆಯ ರೂಢಿ. ಇಲ್ಲಿ ಮನೆಯ ಹಿಂದಿನ ಮರದ ಜಗಲಿ, ಡೆಕ್ಕಿನ ಅಂಚಿನಲ್ಲಿಟ್ಟೆ. ಗುರುವಾರ ಮಳೆ ಬಂತು. ಸಿರಿ ಗಾಜಿನ ಬಾಗಿಲಿಗೆ ಮುಖವೊತ್ತಿ, "ಒಳಗೆ ತರೋಣ, ಅಮ್ಮಾ," ಎಂದು ಗೋಗರೆದಳು. ಅವಳನ್ನು ತಬ್ಬಿಕೊಂಡು ನಿಂತೆ. ಮೊದಲು ಕೋಡು ಕರಗಿತು, ಆಮೇಲೆ ಡುಬ್ಬ. ದೊಡ್ಡವ್ವನಿಗೆ ನಾನು ಮಾಡಿದ ಅಂತ್ಯಕರ್ಮ ಅದೊಂದೇ.